ಮುತ್ತು ಬಿಚ್ಚಿದವರು ಯಾರು?

ಒಂದು ಅನಿಷ್ಟವನ್ನು ನಿಲ್ಲಿಸೋಕೆ ಎಷ್ಟು ಕಾನೂನು ಬೇಕು? ಒಂದು? ಎರಡು? ದೇವದಾಸಿ ಪದ್ಧತಿಯ ವಿಷಯದಲ್ಲಿ ನಮ್ಮ ಬೆಳಗಾವಿ ಜಿಲ್ಲೆ ಮೂರು ಕಾನೂನು ನೋಡಿದೆ ಸ್ವಾಮಿ. ಮೊದಲನೆಯದು 1934ರ ಬಾಂಬೆ ದೇವದಾಸಿ ರಕ್ಷಣಾ ಕಾಯ್ದೆ. ಆಗ ಗೋಕಾಕ, ಹುಕ್ಕೇರಿ, ಮೂಡಲಗಿ ಎಲ್ಲವೂ ಮುಂಬೈ ಪ್ರಾಂತ್ಯದಲ್ಲಿದ್ದವು. ಎರಡನೆಯದು 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ. ಮೂರನೆಯದನ್ನು ನಮ್ಮ ವಿಧಾನಮಂಡಲ ಒಪ್ಪಿದ್ದು 2025ರಲ್ಲಿ. ಮೊದಲ ಕಾನೂನಿಗೂ ಮೂರನೇ ಕಾನೂನಿಗೂ ನಡುವೆ 91 ವರ್ಷ! ಮೊದಲನೆಯದೇ ಕೆಲಸ ಮಾಡಿದ್ದರೆ ಮೂರನೆಯದು ಯಾಕೆ ಬೇಕಿತ್ತು?

ಈ ಪ್ರಶ್ನೆಗೆ ಉತ್ತರ ವಿಧಾನಸೌಧದಲ್ಲಿ ಸಿಗಲ್ಲ. ಮೂಡಲಗಿ ಸೀಮೆಯ ಹಳ್ಳಿಗಳ ಕೇರಿಗಳಲ್ಲಿ ಸಿಗುತ್ತೆ.

ಸರ್ಕಾರದ ಕಣ್ಣು ಇದ್ದದ್ದು ಸವದತ್ತಿ ಗುಡ್ಡದ ಮೇಲೆ. ಭರತ ಹುಣ್ಣಿಮೆ ಬಂತು ಅಂದ್ರೆ ಪೊಲೀಸರು, ಫಲಕಗಳು, ಜಾಗೃತಿ ಭಾಷಣಗಳು. ಸರಿ, ಗುಡ್ಡದಲ್ಲಿ ಬಹಿರಂಗವಾಗಿ ಮುತ್ತು ಕಟ್ಟೋದು ಕಡಿಮೆಯಾಯಿತು. ಆದರೆ ಪದ್ಧತಿ ಎಲ್ಲಿಗೆ ಹೋಯ್ತು? ಮನೆಯೊಳಗೆ ಹೋಯ್ತು. ಊರಿನ ಸಣ್ಣ ಗುಡಿಗೆ ಹೋಯ್ತು. ಹುಡುಗಿಯ ತಲೆಯಲ್ಲಿ ಜಡೆ ಬಿತ್ತು, ಎಲ್ಲಮ್ಮ ಕರೆದಳು ಅಂದರು. ನಾಲ್ಕು ಗೋಡೆಯ ನಡುವೆ ಮುತ್ತು ಕಟ್ಟಿದರು. ಇದು ಪೊಲೀಸ್ ಠಾಣೆಗೆ ಗೊತ್ತಾಗುತ್ತಾ? ಬೆಂಗಳೂರಿನ ಅಧಿಕಾರಿಗೆ ಗೊತ್ತಾಗುತ್ತಾ? ಗೊತ್ತಾಗೋದು ಪಕ್ಕದ ಮನೆಯಾಕೆಗೆ. ಅದರಲ್ಲೂ ಒಂದು ಕಾಲದಲ್ಲಿ ತಾನೇ ಆ ಮುತ್ತು ಕಟ್ಟಿಸಿಕೊಂಡಿದ್ದ ಹೆಣ್ಣುಮಗಳಿಗೆ.

ಇನ್ನೊಂದು ಸಂಗತಿ ನೆನಪಿಸುತ್ತೇನೆ. 1936ರ ಜೂನ್‌ನಲ್ಲಿ ಮುಂಬೈನ ಪರೇಲಿನಲ್ಲಿ ಡಾ. ಅಂಬೇಡ್ಕರ್ ದೇವದಾಸಿಯರು, ಜೋಗತಿಯರು ಸೇರಿದ್ದ ಸಭೆಯಲ್ಲಿ ಮಾತನಾಡಿದರು. ಈ ಬದುಕು ಬಿಡಿ ಅಂತ ಕಟುವಾಗಿಯೇ ಹೇಳಿದರು. ಹೊಟ್ಟೆಪಾಡಿಗೆ ಏನು ಮಾಡೋದು ಅಂತ ನೀವು ಕೇಳಬಹುದು, ಅದನ್ನು ನಾನು ಹೇಳಿಕೊಡುವುದಿಲ್ಲ, ದಾರಿಗಳು ನೂರಾರಿವೆ ಎಂಬ ಅರ್ಥದ ಮಾತನ್ನೂ ಆಡಿದರು. ಅಂಬೇಡ್ಕರ್ ಅವರ ಕಾಳಜಿಯನ್ನು ಪ್ರಶ್ನಿಸೋ ಯೋಗ್ಯತೆ ಯಾರಿಗೂ ಇಲ್ಲ. ಆದರೆ ಹೊಟ್ಟೆಯ ಪ್ರಶ್ನೆ ಮಾತ್ರ ಹಾಗೇ ಉಳಿದುಬಿಟ್ಟಿತು. ಸರ್ಕಾರದ ಬಳಿ ಇದ್ದ ಉತ್ತರಗಳಲ್ಲಿ ಮುಖ್ಯವಾದದ್ದು ಯಾವುದು ಗೊತ್ತಾ? ಮದುವೆ! ಮಾಜಿ ದೇವದಾಸಿಯನ್ನು ಮದುವೆಯಾದವರಿಗೆ ಪ್ರೋತ್ಸಾಹಧನ. ನಲವತ್ತು ದಾಟಿದ, ಮಕ್ಕಳಿರುವ ತಾಯಿಗೆ ಗಂಡನನ್ನು ಹುಡುಕೋದು ಪುನರ್ವಸತಿಯಾ? ಆಕೆಗೆ ಬೇಕಿದ್ದದ್ದು ಸೂರು, ಸಾಲ, ಪಿಂಚಣಿ, ಮಗುವಿಗೆ ಶಾಲೆ.

ಆ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡದ್ದು ಗೋಕಾಕ ತಾಲೂಕಿನ ಘಟಪ್ರಭಾ. 1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ಇಲ್ಲಿ ದೇವದಾಸಿ ಮಹಿಳೆಯರ ಸಣ್ಣ ಸಣ್ಣ ಸಂಘಗಳನ್ನು ಕಟ್ಟಿತು. ವಾರಕ್ಕಿಷ್ಟು ಉಳಿತಾಯ, ತಮ್ಮೊಳಗೇ ಸಾಲ, ತಮ್ಮದೇ ತೀರ್ಮಾನ. 1997ರಲ್ಲಿ ಆ ಮಹಿಳೆಯರದ್ದೇ ಒಂದು ಸಂಸ್ಥೆ ಹುಟ್ಟಿತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಜನರ ಬಾಯಲ್ಲಿ ‘ಮಾಸ್’. ನಡೆಸುವವರು ಮಾಜಿ ದೇವದಾಸಿಯರೇ. ಅದರ ಮುಂಚೂಣಿಯಲ್ಲಿ ನಿಂತವರು ಸೀತವ್ವ ಜೋಡಟ್ಟಿ. ಬಾಲ್ಯದಲ್ಲೇ ದೇವದಾಸಿಯಾಗಿ ಅರ್ಪಿತರಾದ ಹೆಣ್ಣುಮಗಳು. 2018ರಲ್ಲಿ ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು.

ಈ ನಾಯಕತ್ವದ ಶಕ್ತಿ ಏನು? ಮೊದಲನೆಯದು, ನಂಬಿಕೆ. ನಾನು ಟಿವಿಯಲ್ಲಿ ಕೂತು ಮುತ್ತು ಕಟ್ಟಬೇಡಿ ಅಂದ್ರೆ ಅದು ಉಪದೇಶ. ಅದನ್ನೇ ಸೀತವ್ವ ಅಂಥವರು ಒಬ್ಬ ತಾಯಿಯ ಮುಂದೆ ಕೂತು ಹೇಳಿದರೆ ಅದು ಸಾಕ್ಷಿ. ಎರಡನೆಯದು, ಮಾಹಿತಿ. ಯಾವ ಮನೆಯಲ್ಲಿ ಏನು ತಯಾರಿ ನಡೆದಿದೆ ಅಂತ ಕೇರಿಯೊಳಗಿನವರಿಗೆ ಮೊದಲು ತಿಳಿಯುತ್ತೆ. ಮೂರನೆಯದು, ಭಾಷೆ. ಜಡೆ ಬಂದಿದ್ದು ದೇವಿಯ ಕರೆಯಲ್ಲ, ತಲೆಗೆ ನೀರು, ಎಣ್ಣೆ, ಬಾಚಣಿಗೆ ಕಾಣದ್ದಕ್ಕೆ ಅಂತ ಹೇಳೋಕೂ ಒಂದು ಅಧಿಕಾರ ಬೇಕು. ಆ ಅಧಿಕಾರ ಅನುಭವದಿಂದ ಬರುತ್ತೆ.

ಹಾಗಂತ ಎಲ್ಲವೂ ಸರಿ ಅಂತ ಚಪ್ಪಾಳೆ ಹೊಡೆದು ಏಳೋಣವಾ? ಇಲ್ಲ. ಇಂಥ ನಾಯಕತ್ವಕ್ಕೆ ಅದರದ್ದೇ ಅಪಾಯಗಳಿವೆ, ಅದು ಯಾವ ಸಂಘಟನೆಯೇ ಆಗಲಿ.

ಒಂದು, ಸಮುದಾಯದವರೇ ನೋಡಿಕೊಳ್ಳುತ್ತಾರೆ ಅಂತ ಸರ್ಕಾರ ಕೈತೊಳೆದುಕೊಳ್ಳೋದು. ತನ್ನ ಓಣಿಯ, ತನ್ನದೇ ಬಳಗದ ಮನೆಯ ಮೇಲೆ ದೂರು ಕೊಡಬೇಕಾದವಳು ಆಕೆ. 1982ರ ಕಾಯ್ದೆಯಲ್ಲಿ ಮಗಳನ್ನು ಅರ್ಪಿಸಿದ ತಂದೆತಾಯಿಗೆ ಬೇರೆಯವರಿಗಿಂತ ಹೆಚ್ಚಿನ ಶಿಕ್ಷೆ ಇತ್ತು. ಅಂದ್ರೆ ದೂರು ಕೊಟ್ಟವಳು ಒಬ್ಬ ಬಡ ತಾಯಿಯನ್ನು ಜೈಲಿಗೆ ಕಳಿಸಬೇಕು, ಆಮೇಲೆ ಅದೇ ಊರಲ್ಲಿ ನೀರು ತುಂಬಬೇಕು. ಈ ಭಾರ ಹೊರೋರು ಯಾರು?

ಎರಡು, ಒಂದು ಮುಖವೇ ಇಡೀ ಸಮುದಾಯ ಆಗಿಬಿಡೋದು. ಪ್ರಶಸ್ತಿ, ವೇದಿಕೆ, ಸಂದರ್ಶನ ಎಲ್ಲ ಒಬ್ಬರಿಗೆ. ನಮ್ಮ ಮಾಧ್ಯಮದವರದ್ದೂ ಇದರಲ್ಲಿ ಪಾಲಿದೆ. ಕ್ಯಾಮೆರಾ ಹಿಡಿದು ಹೋಗೋರು ಕೇಳೋದು ಆ ಬಾಲ್ಯದ ನೋವನ್ನೇ, ಅದೂ ನೂರನೇ ಸಲ. ಸಂಸ್ಥೆ ನಡೆಸೋ ಲೆಕ್ಕಾಚಾರವನ್ನು ಯಾರೂ ಕೇಳಲ್ಲ. ಅವರ ನಂತರ ಯಾರು ಅಂತಲೂ ಕೇಳಲ್ಲ.

ಮೂರು, ನಮ್ಮವರು ಯಾರು ಅನ್ನೋ ಪಟ್ಟಿ. 2007-08ರ ಸಮೀಕ್ಷೆ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿತು. ಪಟ್ಟಿಯಲ್ಲಿದ್ದವಳಿಗೆ ಪಿಂಚಣಿ, ಬಿಟ್ಟುಹೋದವಳಿಗೆ ಅಲೆದಾಟ. ಮರು ಸಮೀಕ್ಷೆಗಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು. ಗುರುತು ಸವಲತ್ತಿನ ಬಾಗಿಲಾದಾಗ, ಬಾಗಿಲು ಕಾಯುವವರ ಕೈಗೆ ದೊಡ್ಡ ಅಧಿಕಾರ ಬರುತ್ತೆ. ಇನ್ನೊಂದು ಕಡೆ, ‘ಮಾಜಿ ದೇವದಾಸಿ’ ಅನ್ನೋ ಹಣೆಪಟ್ಟಿ ಮಕ್ಕಳ ಬೆನ್ನು ಬಿಡಲ್ಲ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಆ ಮಕ್ಕಳನ್ನು ಎಷ್ಟು ಕುಗ್ಗಿಸಿತು! 2025ರ ಕಾಯ್ದೆ ಆ ಮಕ್ಕಳ ಹಕ್ಕಿನ ಬಗ್ಗೆ ಮಾತಾಡುತ್ತೆ ಅನ್ನೋದೇ ದೊಡ್ಡ ಬದಲಾವಣೆ.

ಹಾಗಾದ್ರೆ ಹೊರಗಿನವರು ಬೇಡವೇ? ಬೇಕು. ಮೈರಾಡ ಹೊರಗಿನದೇ. ಅಥಣಿಯಲ್ಲಿ ದೇವದಾಸಿಯರ ಮಕ್ಕಳಿಗೆ ಶಾಲೆ ಕಟ್ಟಿದ ‘ವಿಮೋಚನಾ’ದ ಬಿ.ಎಲ್. ಪಾಟೀಲರು ವೃತ್ತಿಯಿಂದ ವಕೀಲರು. ಹೊರಗಿನವನ ಕೆಲಸ ಜೊತೆಗೆ ನಿಲ್ಲೋದು, ಸಮಯ ಬಂದಾಗ ಪಕ್ಕಕ್ಕೆ ಸರಿಯೋದು. ಒಳಗಿನವರ ಕೆಲಸ ಮುಂದಿನ ಸಾಲಿನ ಹೆಣ್ಣುಮಕ್ಕಳಿಗೂ ಕುರ್ಚಿ ಬಿಡೋದು, ಲೆಕ್ಕ ಕೇಳೋ ಹಕ್ಕನ್ನು ಕೊನೆಯ ಸದಸ್ಯೆಗೂ ಕೊಡೋದು. ಸರ್ಕಾರದ ಕೆಲಸ ಸರ್ಕಾರವೇ ಮಾಡೋದು.

ಇದೆಲ್ಲ ಆದ ಮೇಲೂ ಒಂದು ಮಾತು ಉಳಿಯುತ್ತೆ. ಮುತ್ತು ಕಟ್ಟಿಸಿಕೊಂಡವಳು ಬದಲಾದಳು, ಸಂಘ ಕಟ್ಟಿದಳು, ಪದ್ಮಶ್ರೀವರೆಗೂ ಹೋದಳು. ಆಕೆಯನ್ನು ಬಳಸಿಕೊಂಡ ಊರ ದೊಡ್ಡವರ ನಡುವಿನಿಂದ, ಅವರ ಮನೆತನಗಳಿಂದ, ಇದನ್ನು ನಿಲ್ಲಿಸ್ತೀವಿ ಅಂತ ಎಷ್ಟು ಸಂಘ ಹುಟ್ಟಿದವು? ಸುಧಾರಣೆ ಬರೀ ನೊಂದವರ ಜವಾಬ್ದಾರಿಯಾ? ನೀವೇ ಹೇಳಿ.