ಡಬ್ಬಿಯಲ್ಲಿರೋ ಔಷಧಿ, ಫೋನಿನಲ್ಲಿರೋ ಡಾಕ್ಟ್ರು

ಎರಡು ವರ್ಷದ ಹಿಂದಿನ ಮಾತು. ದಸರೆಗೆ ಊರಿಗೆ ಹೋಗಿದ್ದೆ. ಮಾನ್ವಿ ತಾಲೂಕಿನಲ್ಲಿ ನಮ್ಮ ಕಾಕಾನ ಹೊಲ. ಹತ್ತಿಗೆ ಎಣ್ಣಿ ಹೊಡೆಯೋ ಸಮಯ (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾರೆ, ಅಡುಗೆ ಎಣ್ಣೆ ಅಂದುಕೊಳ್ಳಬೇಡಿ). ಮಧ್ಯಾಹ್ನದ ತನಕ ಬೆನ್ನಿಗೆ ಪಂಪು ಕಟ್ಟಿಕೊಂಡು ಗಾಳಿಗೆ ಎದುರಾಗೇ ಹೊಡೆದಿದ್ದಾನೆ. ಸಂಜೆ ಮನೆಗೆ ಬಂದವನು ಕಟ್ಟೆಯ ಮೇಲೆ ಕೂತ, ಕೂತಲ್ಲೇ ವಾಂತಿ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಮಂಜು. ಆಂಬುಲೆನ್ಸ್ ಬಂತು. ನಾನು ಒಳಗೆ ಹತ್ತಿ ಕೂತೆ.

ಗಾಡಿಯಲ್ಲಿದ್ದ ಟೆಕ್ನೀಷಿಯನ್ ಹೆಚ್ಚೂಕಮ್ಮಿ ನನ್ನ ವಯಸ್ಸಿನವನು. ಕಾಕಾನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ, ಎದೆಗೆ ಸ್ಟೆತಾಸ್ಕೋಪ್ ಇಟ್ಟ, ಫೋನ್ ಹಚ್ಚಿದ. ಹತ್ತಲಿಲ್ಲ. ಮತ್ತೆ ಹಚ್ಚಿದ. ಹತ್ತಲಿಲ್ಲ. ಮೂರನೇ ಸಲ ಹತ್ತಿತು. "ಸರ್, ಎಣ್ಣಿ ಹೊಡಿಯೋ ಕೇಸ್ ರೀ. ಕಣ್ಣಿನ ಪಾಪಿ ಸೂಜಿ ಮೊನಿ ಆಗ್ಯಾವ್ರಿ, ಎದಿಯಾಗ ಗೊರಗೊರ ಸಪ್ಪಳ..." ಆ ಕಡೆಯಿಂದ ಒಪ್ಪಿಗೆ ಬಂದ ಮೇಲೆ ಡಬ್ಬಿ ತೆಗೆದು ಇಂಜೆಕ್ಷನ್ ಕೊಟ್ಟ. ಅಟ್ರೋಪಿನ್.

ಕಾಕಾ ಬದುಕಿದ. ಈಗಲೂ ಹತ್ತಿ ಹಾಕ್ತಾನೆ, ಮಾಸ್ಕ್ ಅಂದ್ರೆ ನಗ್ತಾನೆ. ಅವತ್ತು ರಾತ್ರಿ ಆಸ್ಪತ್ರೆಯ ಹೊರಗೆ ಚಹಾ ಕುಡಿಯುವಾಗ ನಾನು ಆ ಹುಡುಗನನ್ನು ಕೇಳಿದೆ: "ಅಣ್ಣಾ, ಫೋನ್ ಹತ್ತಿರಲಿಲ್ಲ ಅಂದ್ರ ಏನ್ ಮಾಡ್ತಿದ್ರಿ?"

"ಆಕ್ಸಿಜನ್ ಹಚ್ಚಿ, ಗಾಡಿ ಜೋರ್ ಬಿಡಪ್ಪಾ ಅಂತಿದ್ನೆ ರೀ."

ಔಷಧಿ ಅವನ ಕೈಗೆ ಒಂದು ಮೊಳ ದೂರದಲ್ಲಿತ್ತು. ಏನು ಕಾಯಿಲೆ ಅಂತ ಅವನಿಗೆ ಗೊತ್ತಿತ್ತು, ಏನು ಕೊಡಬೇಕು ಅಂತಲೂ ಗೊತ್ತಿತ್ತು. ಇಲ್ಲದ್ದು ಪರ್ಮಿಷನ್ ಒಂದೇ. ದಿನಾ ಆಫೀಸಿನಲ್ಲಿ ಯಾವ ಯೂಸರ್‌ಗೆ ಯಾವ ಪರ್ಮಿಷನ್ ಅಂತ ತಲೆ ಕೆಡಿಸಿಕೊಳ್ಳೋ ನನಗೆ ಈ ಮಾತು ತಲೆಯಲ್ಲೇ ಉಳಿದುಬಿಟ್ಟಿತು. ಈ ನಿಯಮ ಎಲ್ಲಿಂದ ಬಂತು ಅಂತ ಬಿಡುವಾದಾಗಲೆಲ್ಲ ಓದುತ್ತಾ ಹೋದೆ. ಓದಿದ್ದನ್ನು ಇಲ್ಲಿ ಬರೆದಿಡ್ತಿದ್ದೀನಿ. ನಾನು ಡಾಕ್ಟರ್ ಅಲ್ಲ ಅನ್ನೋದು ನೆನಪಿರಲಿ.

ಮೊದಲು ಡಾಕ್ಟರೇ ಗಾಡಿ ಹತ್ತಿದರು

ಬಹಳ ಕಾಲ ಆಂಬುಲೆನ್ಸ್ ಅಂದರೆ ಮಲಗಿಸಿಕೊಂಡು ಹೋಗೋ ಗಾಡಿ, ಅಷ್ಟೆ. ಚಿಕಿತ್ಸೆ ಶುರುವಾಗೋದು ಆಸ್ಪತ್ರೆ ಬಾಗಿಲಲ್ಲಿ. 1966ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಡ್ಜ್ ಅನ್ನೋ ಹೃದಯ ತಜ್ಞರು ಇದನ್ನು ತಿರುಗಿಸಿದರು. ಹೃದಯಾಘಾತದಲ್ಲಿ ಬಹಳ ಜನ ಸಾಯೋದು ಆಸ್ಪತ್ರೆ ಮುಟ್ಟುವ ಮೊದಲೇ, ಹಾಗಿದ್ದರೆ ಆಸ್ಪತ್ರೆಯೇ ರೋಗಿಯ ಹತ್ತಿರ ಹೋಗಲಿ ಅನ್ನೋದು ಅವರ ಲೆಕ್ಕ. ಕಾರ್ ಬ್ಯಾಟರಿಗಳ ಮೇಲೆ ನಡೆಯೋ, ಸುಮಾರು 70 ಕೆ.ಜಿ. ತೂಕದ ಡಿಫಿಬ್ರಿಲೇಟರ್ ಕಟ್ಟಿಸಿ, ಆಂಬುಲೆನ್ಸಿನಲ್ಲಿ ಡಾಕ್ಟರ್ ಮತ್ತು ನರ್ಸ್ ಕೂರಿಸಿ ಕಳಿಸಿದರು. 1967ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ವರದಿ ಬಂತು.

ಆದರೆ ಪ್ರತಿ ಗಾಡಿಗೂ ಡಾಕ್ಟರನ್ನು ಎಲ್ಲಿಂದ ತರೋದು? ಅಮೆರಿಕಾದ ಮಯಾಮಿಯಲ್ಲಿ ಯೂಜೀನ್ ನೇಗಲ್ ಅನ್ನೋ ವೈದ್ಯರು ಅಗ್ನಿಶಾಮಕ ದಳದ ಸಿಬ್ಬಂದಿಗೆ ತರಬೇತಿ ಕೊಟ್ಟು, ರೋಗಿಯ ಇಸಿಜಿಯನ್ನು ರೇಡಿಯೋದಲ್ಲಿ ಆಸ್ಪತ್ರೆಗೆ ಕಳಿಸೋ ಏರ್ಪಾಡು ಮಾಡಿದರು. ಡಾಕ್ಟರ್ ಆಸ್ಪತ್ರೆಯಲ್ಲೇ ಕೂತು ಹೇಳ್ತಾರೆ, ಇವರು ಮಾಡ್ತಾರೆ. ಮಾನ್ವಿ ರಸ್ತೆಯ ಆ ಫೋನ್ ಕಾಲ್‌ನ ಮುತ್ತಜ್ಜ ಈ ರೇಡಿಯೋನೇ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ವೆಡ್ವರ್ತ್-ಟೌನ್ಸೆಂಡ್ ಕಾಯ್ದೆ ಬಂತು. ಡಾಕ್ಟರ್ ಅಥವಾ ನರ್ಸ್ ಪಕ್ಕದಲ್ಲಿ ಇಲ್ಲದಿದ್ದರೂ ತರಬೇತಾದ ಪ್ಯಾರಾಮೆಡಿಕ್ ಇಂಜೆಕ್ಷನ್ ಕೊಡಬಹುದು, ಆದರೆ ರೇಡಿಯೋದಲ್ಲಿ ಆದೇಶ ಪಡೆದು.

ಇದೇ ಹೊತ್ತಿಗೆ ನಡೆದ ಇನ್ನೊಂದು ಕತೆ ನನಗೆ ತುಂಬಾ ಇಷ್ಟವಾಯಿತು. 1967ರಲ್ಲಿ ಪಿಟ್ಸ್‌ಬರ್ಗ್ ನಗರದ ಬಡ ಕರಿಯ ಬಡಾವಣೆಯ ಯುವಕರನ್ನು ಸೇರಿಸಿ ಫ್ರೀಡಂ ಹೌಸ್ ಅನ್ನೋ ಆಂಬುಲೆನ್ಸ್ ಸೇವೆ ಶುರುವಾಯಿತು. ಬಹಳ ಮಂದಿಗೆ ಅದಕ್ಕೂ ಮೊದಲು ಕೆಲಸವೇ ಇರಲಿಲ್ಲ. ಅವರನ್ನು ತಯಾರು ಮಾಡಿದ್ದು ಪೀಟರ್ ಸೇಫರ್, ಇವತ್ತು ನಾವು ಸಿಪಿಆರ್ ಅನ್ನೋದನ್ನು ರೂಪಿಸಿದವರಲ್ಲಿ ಒಬ್ಬರು. ಆ ಕಾಲದ ಅಮೆರಿಕಾದಲ್ಲಿ ಅಷ್ಟು ಚೆನ್ನಾಗಿ ತರಬೇತಾದ ಆಂಬುಲೆನ್ಸ್ ಸಿಬ್ಬಂದಿ ಅಪರೂಪ. 1975ರಲ್ಲಿ ನಗರಾಡಳಿತ ಅದನ್ನು ಮುಚ್ಚಿತು. ಆದರೆ ಅವರ ವೈದ್ಯಾಧಿಕಾರಿಯಾಗಿದ್ದ ನ್ಯಾನ್ಸಿ ಕ್ಯಾರೋಲಿನ್ ಬರೆದ ಪಠ್ಯಕ್ರಮವೇ ಮುಂದೆ ಇಡೀ ದೇಶದ ಪ್ಯಾರಾಮೆಡಿಕ್‌ಗಳಿಗೆ ಆಧಾರವಾಯಿತು. ಕೆಲಸ ಇಲ್ಲ ಅಂತ ಓಣಿಯ ಕಟ್ಟೆ ಮೇಲೆ ಕೂತ ಹುಡುಗರು ಒಂದು ಕಸುಬನ್ನೇ ಕಟ್ಟಿದರು!

ಆನ್‌ಲೈನ್, ಆಫ್‌ಲೈನ್

ಈ ಕ್ಷೇತ್ರದವರು ಫೋನ್ ಅಥವಾ ರೇಡಿಯೋದಲ್ಲಿ ಕೇಳಿ ಕೊಡೋದಕ್ಕೆ ಆನ್‌ಲೈನ್ ನಿರ್ದೇಶನ ಅಂತಾರೆ. ಮೊದಲೇ ಬರೆದಿಟ್ಟ ನಿಯಮದ ಪ್ರಕಾರ, ಕೇಳದೆ ಕೊಡೋದಕ್ಕೆ ಆಫ್‌ಲೈನ್. ಈ ಪದಗಳನ್ನು ನೋಡಿ ಖುಷಿಯಾಯ್ತು, ನಮ್ಮ ಕಸುಬಿನ ಪದಗಳೇ :) ಸರ್ವರ್ ಸಿಗದಿದ್ದರೆ ಕೆಲಸ ನಿಲ್ಲಬಾರದು ಅಂತ ಒಂದು ಪ್ರತಿಯನ್ನು ನಾವು ಇಲ್ಲೇ ಇಟ್ಟುಕೊಳ್ಳಲ್ವಾ, ಹಾಗೆ. ವರ್ಷಗಳು ಕಳೆದಂತೆ ಅಮೆರಿಕಾ, ಬ್ರಿಟನ್ ಎರಡೂ ಕಡೆ ಔಷಧಿಗಳು ಒಂದೊಂದಾಗಿ ಆಫ್‌ಲೈನ್ ಪಟ್ಟಿಗೆ ಬಂದವು.

ಬ್ರಿಟನ್ನಿನವರಂತೂ ಪಟ್ಟಿಯನ್ನು ಕಾನೂನಿನಲ್ಲೇ ಬರೆದರು. ಅಲ್ಲಿನ 2012ರ ಔಷಧ ನಿಯಮಾವಳಿಯ 17ನೇ ಅನುಬಂಧದಲ್ಲಿ ಪ್ಯಾರಾಮೆಡಿಕ್‌ಗಳು ತಾವೇ ಕೊಡಬಹುದಾದ ಔಷಧಿಗಳ ಹೆಸರುಗಳಿವೆ. 2018ರಿಂದ ಹೆಚ್ಚಿನ ತರಬೇತಿ ಪಡೆದ ಪ್ಯಾರಾಮೆಡಿಕ್‌ಗಳು ಔಷಧಿ ಬರೆದುಕೊಡಲೂಬಹುದು. ನನ್ನನ್ನು ನಿಲ್ಲಿಸಿದ್ದು ಮಾತ್ರ 19ನೇ ಅನುಬಂಧ. ಅದರಲ್ಲಿರೋ ಇಂಜೆಕ್ಷನ್‌ಗಳನ್ನು ಜೀವ ಉಳಿಸೋ ತುರ್ತಿನಲ್ಲಿ *ಯಾರು ಬೇಕಾದರೂ* ಕೊಡಬಹುದು. ಆ ಪಟ್ಟಿಯಲ್ಲಿ ಅಡ್ರಿನಲಿನ್ ಇದೆ, ಅಟ್ರೋಪಿನ್ ಇದೆ, ಹಾವಿನ ವಿಷಕ್ಕೆ ಕೊಡೋ ಪ್ರತಿವಿಷವೂ ಇದೆ. ಹತ್ತಿ ಬೆಳೆಯದ, ನಾಗರಹಾವಿಲ್ಲದ ನಾಡಿನ ಕಾನೂನಿನಲ್ಲಿ ನಮ್ಮ ಮಾನ್ವಿ, ದೇವದುರ್ಗಕ್ಕೆ ಬೇಕಾದ ಸಾಲು ಕೂತಿದೆ ಅನ್ನಿಸಿ ನಗು ಬಂತು, ಹೊಟ್ಟೆಯೂ ಉರಿಯಿತು.

ನಮ್ಮಲ್ಲಿ

ನಮ್ಮಲ್ಲಿ 108 ಶುರುವಾಗಿದ್ದು 2005ರ ಆಗಸ್ಟ್ 15ರಂದು, ಆಗಿನ ಆಂಧ್ರಪ್ರದೇಶದಲ್ಲಿ. ಕರ್ನಾಟಕಕ್ಕೆ 'ಆರೋಗ್ಯ ಕವಚ' ಅನ್ನೋ ಹೆಸರಲ್ಲಿ 2008ರ ರಾಜ್ಯೋತ್ಸವದ ದಿನ ಬಂತು. ಗಾಡಿಯಲ್ಲಿ ಇಬ್ಬರು: ಓಡಿಸೋ ಪೈಲಟ್, ನೋಡಿಕೊಳ್ಳೋ ಇಎಂಟಿ. ಕಾಲ್ ಸೆಂಟರಿನಲ್ಲಿ ಇಎಂಟಿಗೆ ಫೋನಿನಲ್ಲಿ ಸಲಹೆ ಕೊಡೋಕೆ ವೈದ್ಯರು. ಅಂದರೆ ಮಯಾಮಿಯ ಮಾದರಿಯೇ, ರೇಡಿಯೋ ಜಾಗದಲ್ಲಿ ಮೊಬೈಲು.

ಈ ಮಾದರಿಯನ್ನು ನಾನು ಬೈತಿಲ್ಲ. ರಾಯಚೂರಿನಿಂದ ದೇವದುರ್ಗಕ್ಕೂ ಮಾನ್ವಿಗೂ 40-50 ಕಿ.ಮೀ., ಹಳ್ಳಿಗಳು ಅದರಾಚೆ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿ ಕೊಟ್ಟಾಗ ದೇವದುರ್ಗ ಅದರಲ್ಲಿತ್ತು. ಅಂಥಲ್ಲಿ ಒಬ್ಬ ಡಾಕ್ಟರ ದನಿ ಹೊಲದ ಬದುವಿನ ತನಕ ಬಂದದ್ದು ಸಣ್ಣ ಮಾತಲ್ಲ. ಆದರೆ ಆ ದನಿ ಗಾಳಿಯಲ್ಲಿ ಬರಬೇಕು. ಗಬ್ಬೂರು ದಾಟಿ ದೇವದುರ್ಗದ ಬಸ್ಸಿನಲ್ಲಿ ಹೋಗುವಾಗ ಫೋನಿನಲ್ಲಿ ಮಾತಾಡ್ತಾ ಕಟ್ ಆದ ಅನುಭವ ಇರೋರಿಗೆ ಬಿಡಿಸಿ ಹೇಳಬೇಕಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ, 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆಯ ಅನುಬಂಧದಲ್ಲಿ ಪ್ಯಾರಾಮೆಡಿಕ್ ಅನ್ನೋ ಕಸುಬಿನ ಹೆಸರು ಬಂತು. ದೊಡ್ಡ ಹೆಜ್ಜೆಯೇ. ಆದರೆ ಇಂಥಿಂಥ ಔಷಧಿ ನೀನೇ ಕೊಡಬಹುದು ಅನ್ನೋ ಪಟ್ಟಿ ಆ ಕಾಯ್ದೆಯಲ್ಲಿಲ್ಲ.

ನರ್ಸಮ್ಮನ ಪಾಠ

ನಮ್ಮ ದೇಶಕ್ಕೆ ಇಂಥ ಪಟ್ಟಿ ಬರೆಯೋಕೆ ಬರಲ್ಲ ಅಂತೇನೂ ಇಲ್ಲ. ಹಳ್ಳಿಯ ಎಎನ್‌ಎಂ ಅಕ್ಕಂದಿರ ಕತೆ ಕೇಳಿ. 2005ರಲ್ಲಿ ಕೇಂದ್ರ ಸರ್ಕಾರ ಹೆರಿಗೆಯ ತುರ್ತಿನಲ್ಲಿ ಅವರು ಕೆಲವು ಔಷಧಿಗಳನ್ನು ಕೊಡಬಹುದು ಅಂತ ಮಾರ್ಗಸೂಚಿ ತಂದಿತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯೋಕೆ ಮಿಸೊಪ್ರೊಸ್ಟಾಲ್ ಮಾತ್ರೆ ಅಥವಾ ಆಕ್ಸಿಟೋಸಿನ್. ಬಿಪಿ ಏರಿ ಬಾಣಂತಿಗೋ ಬಸುರಿಗೋ ಫಿಟ್ಸ್ ಬಂದರೆ ಮ್ಯಾಗ್ನೀಷಿಯಂ ಸಲ್ಫೇಟಿನ ಮೊದಲ ಡೋಸ್: ಒಂದೊಂದು ಕುಂಡೆಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ, ಕೊಟ್ಟು ತಕ್ಷಣ ದೊಡ್ಡಾಸ್ಪತ್ರೆಗೆ. ಯಾವ ಔಷಧಿ, ಎಷ್ಟು, ಯಾವ ಲಕ್ಷಣಕ್ಕೆ, ಕೊಟ್ಟ ಮೇಲೆ ಏನು... ನಾಲ್ಕೂ ಸ್ಪಷ್ಟ. ಯಾರಿಗೂ ಫೋನ್ ಮಾಡಿ ಕಾಯಬೇಕಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಸುಲಭವಾಗಿ ಗೆಲ್ತಿತ್ತು. ಆದರೆ ಇನ್ನೊಂದು ಕತೆಯನ್ನೂ ಹೇಳಲೇಬೇಕು.

ದಿನ ತುಂಬುವ ಮೊದಲೇ ಹೆರಿಗೆ ಆಗೋ ಹಾಗಿದ್ದರೆ ತಾಯಿಗೆ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಕೊಡ್ತಾರೆ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತೆ. 2014ರ ಜೂನ್‌ನಲ್ಲಿ ಇದರ ಮೊದಲ ಡೋಸನ್ನೂ ಎಎನ್‌ಎಂಗಳು ಕೊಡಬಹುದು ಅಂತ ಮಾರ್ಗಸೂಚಿ ಬಂತು. ಅದೇ ವರ್ಷದ ಕೊನೆಗೆ ಲ್ಯಾನ್ಸೆಟ್‌ನಲ್ಲಿ ಆರು ದೇಶಗಳ ಒಂದು ದೊಡ್ಡ ಅಧ್ಯಯನ ಹೊರಬಿತ್ತು. ಅದರ ಒಂದು ಕೇಂದ್ರ ನಮ್ಮ ಬೆಳಗಾವಿ. ಈ ಔಷಧಿಯನ್ನು ಹಳ್ಳಿ ಮಟ್ಟದ ಸಿಬ್ಬಂದಿಯ ತನಕ ಒಯ್ದ ಪ್ರದೇಶಗಳಲ್ಲಿ ಪುಟ್ಟ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಸಾವಿರಕ್ಕೆ 3.5ರಷ್ಟು *ಹೆಚ್ಚಾಗಿತ್ತು*. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚು. ಎಷ್ಟನೇ ವಾರ ಅನ್ನೋದು ಸರಿಯಾಗಿ ತಿಳಿಯದೆ, ಔಷಧಿ ಬೇಕಿಲ್ಲದ ಬಹಳ ತಾಯಂದಿರಿಗೂ ಹೋಗಿತ್ತು. 2020ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಮಾಡಿ ವಾರ ಖಚಿತ ಮಾಡಿಕೊಂಡು ಕೊಟ್ಟಾಗ ಅದೇ ಔಷಧಿ ಮಕ್ಕಳನ್ನು ಉಳಿಸಿತು.

ಔಷಧಿ ಅದೇ. ಬದಲಾದದ್ದು, ಯಾರಿಗೆ ಬೇಕು ಅಂತ ಗುರುತಿಸೋಕೆ ಆಗುತ್ತಾ ಇಲ್ವಾ ಅನ್ನೋದು. ಇದನ್ನು ಓದಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಪ್ರಶ್ನೆ ಸ್ಪಷ್ಟವಾಯಿತು. ಗಾಡಿಯವರಿಗೆ ಎಲ್ಲ ಔಷಧಿಯ ಅಧಿಕಾರ ಕೊಡಿ ಅನ್ನೋದೂ ತಪ್ಪು, ಯಾವುದನ್ನೂ ಕೊಡಬೇಡಿ ಅನ್ನೋದೂ ತಪ್ಪು. ಒಂದೊಂದೇ ಔಷಧಿಯನ್ನು ಎತ್ತಿ ಕೇಳಬೇಕು: ಲಕ್ಷಣ ಕಣ್ಣಿಗೆ ಕಾಣುತ್ತಾ? ತಡವಾದರೆ ನಷ್ಟ ಎಷ್ಟು? ತಪ್ಪಾಗಿ ಕೊಟ್ಟರೆ ನಷ್ಟ ಎಷ್ಟು?

ಅಟ್ರೋಪಿನ್ ಮತ್ತೆ

ಈಗ ಕಾಕಾನ ಇಂಜೆಕ್ಷನ್‌ಗೆ ಈ ಮೂರು ಪ್ರಶ್ನೆ ಹಾಕಿ. ಅಟ್ರೋಪಿನ್ ಹೊಸದಲ್ಲ. 1830ರ ದಶಕದಲ್ಲೇ ಬೆಲ್ಲಡೋನಾ ಗಿಡದಿಂದ ಬೇರ್ಪಡಿಸಿದ್ದು. ನಮ್ಮ ತಿಪ್ಪೆಯ ಪಕ್ಕ ಬೆಳೆಯೋ ಮದಗುಣಕಿ ಅದೇ ಬಳಗದ ಗಿಡ. ಬೆಲೆಯೂ ಕಡಿಮೆ. ಆರ್ಗನೊಫಾಸ್ಫೇಟ್ ವಿಷದ ಲಕ್ಷಣಗಳು ಎದ್ದು ಕಾಣ್ತವೆ: ಸೂಜಿ ಮೊನೆಯಷ್ಟಾದ ಪಾಪೆ, ಬೆವರು, ಜೊಲ್ಲು, ಎದೆಯಲ್ಲಿ ನೀರಿನ ಸದ್ದು. ತಡವಾದರೆ? ಬಾಂಗ್ಲಾದೇಶದ ಆಸ್ಪತ್ರೆಯೊಂದರ 2012ರ ಅಧ್ಯಯನದಲ್ಲಿ ಅಟ್ರೋಪಿನ್ ಅನ್ನು ಹಳೆಯ ರೀತಿಯಲ್ಲಿ ಬಿಟ್ಟು ಬಿಟ್ಟು ಕೊಟ್ಟವರಲ್ಲಿ ಶೇ. 22.5 ಮಂದಿ ಸತ್ತರು. ಬೇಗ ಬೇಗ ಡೋಸ್ ಏರಿಸಿ, ಆಮೇಲೆ ಡ್ರಿಪ್‌ನಲ್ಲಿ ಕೊಟ್ಟವರಲ್ಲಿ ಶೇ. 8. ಅತಿಯಾದರೆ ಅಪಾಯ ಇದ್ದೇ ಇದೆ, ಭ್ರಮೆ, ಜ್ವರ ಬರುತ್ತೆ. ಆದರೆ ಎದೆಯ ಸದ್ದು ನಿಂತಿತಾ, ನಾಡಿ ಎಷ್ಟಿದೆ ಅಂತ ನೋಡ್ತಾ ನಿಲ್ಲಿಸೋದನ್ನು ಕಲಿಸಬಹುದು.

ಹಾವಿನ ಪ್ರತಿವಿಷಕ್ಕೆ ಇದೇ ಪ್ರಶ್ನೆ ಹಾಕಿದರೆ ಉತ್ತರ ಬೇರೆ. ಮೊದಲಿಗೇ ಸುಮಾರು 10 ವಯಲ್ ಬೇಕು, ಅದಕ್ಕೇ ಅಲರ್ಜಿಯಾಗಿ ಬಿಪಿ ಕುಸಿಯಬಹುದು, ಓಡೋ ಗಾಡಿಯಲ್ಲಿ ಸಂಭಾಳಿಸೋದು ಕಷ್ಟ. ಅದು ಹತ್ತಿರದ ಆಸ್ಪತ್ರೆಯಲ್ಲೇ ಇರಲಿ. ಗಾಡಿಯಲ್ಲಿ ಅಲರ್ಜಿಗೆ ಅಡ್ರಿನಲಿನ್, ಸಕ್ಕರೆ ಕುಸಿದವರಿಗೆ ಗ್ಲೂಕೋಸ್, ಫಿಟ್ಸ್‌ಗೆ ಮಿಡಜೋಲಾಂ, ಎದೆನೋವಿಗೆ ಆಸ್ಪಿರಿನ್, ಬಸುರಿಗೆ ಎಎನ್‌ಎಂ ಕೊಡೋ ಅದೇ ಮ್ಯಾಗ್ನೀಷಿಯಂ... ಪಟ್ಟಿ ಒಂದು ಪುಟ ದಾಟಲ್ಲ.

ಔಷಧಿ ಕೆಳಗಿಳಿಯೋದು ನಮ್ಮ ಕಣ್ಣೆದುರೇ ನಡೀತಿದೆ. 2021ರಲ್ಲಿ ಹೃದಯಾಘಾತದಿಂದ ಹೋದ ಅಪ್ಪು ಹೆಸರಿನಲ್ಲಿ 2023ರಲ್ಲಿ ಘೋಷಣೆಯಾದ 'ಹೃದಯ ಜ್ಯೋತಿ' ಯೋಜನೆಯಲ್ಲಿ, ರಕ್ತ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ತಾಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡೋ ಏರ್ಪಾಡಾಯಿತು. ಮೊದಲು ಅದಕ್ಕೂ ದೊಡ್ಡ ಊರಿಗೇ ಹೋಗಬೇಕಿತ್ತು.

ಬೆಲ್‌ಫಾಸ್ಟಿನಿಂದ ಬೆಳಗಾವಿ ತನಕ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೆ. ರೋಗಿಯನ್ನು ಕಾಯೋದು ಫೋನ್ ಅಲ್ಲ. ಸರಿಯಾಗಿ ಆರಿಸಿದ ಪಟ್ಟಿ, ಅದಕ್ಕೆ ತಕ್ಕ ತರಬೇತಿ, ಕೊಟ್ಟ ಪ್ರತಿ ಇಂಜೆಕ್ಷನ್ನನ್ನೂ ಆಮೇಲೆ ಡಾಕ್ಟರ್ ಕೂತು ಪರಿಶೀಲಿಸೋ ಪದ್ಧತಿ, ಈ ಮೂರೇ. ಫೋನ್ ಇರಲಿ, ಸಲಹೆಗೆ ಇರಲಿ. ಜೀವ ಮಾತ್ರ ಅದರ ಸಿಗ್ನಲ್ಲಿಗೆ ಜೋತುಬೀಳದಿರಲಿ.

ಮೊನ್ನೆ ಫೋನಿನಲ್ಲಿ ಕಾಕಾಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ ಅಂದ: "ಅದೆಲ್ಲಾ ಖರೇ ತಮ್ಮಾ, ಆ ಹುಡುಗ ಮೂರನೇ ಸಲ ಫೋನ್ ಹಚ್ಚಿದ್ನಲ್ಲ, ಎರಡಕ್ಕ ಬಿಟ್ಟಿದ್ರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಯಾರಾದರೂ ವೈದ್ಯರೋ, ಆಂಬುಲೆನ್ಸಿನಲ್ಲಿ ಕೆಲಸ ಮಾಡೋರೋ ಇದ್ದರೆ ದಯವಿಟ್ಟು ಬರೆಯಿರಿ. ನಾನು ತಪ್ಪು ತಿಳಿದಿದ್ದರೆ ತಿದ್ದಿ.