ಕರಪತ್ರ ಓದಿದವರು ಆಸ್ಪತ್ರೆಗೆ ಬರಬೇಕಾದರೆ: ಆರೋಗ್ಯ ಬರಹದ ಪದಗಳು

ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಬರಹ, ಔಷಧಿ ಪೊಟ್ಟಣದ ಮೇಲಿನ ಸೂಚನೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುವ ಕರಪತ್ರ, ವಾರಪತ್ರಿಕೆಯ ವೈದ್ಯ ಅಂಕಣ, ಮೊಬೈಲಿಗೆ ಬರುವ ಇಲಾಖೆಯ ಸಂದೇಶ, ಇವೆಲ್ಲವೂ ಸಾರ್ವಜನಿಕ ಆರೋಗ್ಯ ಬರಹದ ಬಗೆಗಳು. ಓದಿ ಮುಗಿಸಿದವರಿಗೆ ಮುಂದೇನು ಮಾಡಬೇಕೆಂದು ಗೊತ್ತಾಗಬೇಕು. ಅದನ್ನು ಮಾಡಲು ನಾಚಿಕೆಯಾಗಲಿ ಅಂಜಿಕೆಯಾಗಲಿ ಅಡ್ಡ ಬರಬಾರದು. ಇಂಥ ಬರಹವನ್ನು ಅಳೆಯಬೇಕಾದದ್ದು ಈ ಎರಡರಿಂದಲೇ. ಮೊದಲನೆಯದಕ್ಕೆ ಸರಳ ಪದ ಬೇಕು, ಎರಡನೆಯದಕ್ಕೆ ಯಾರನ್ನೂ ನೋಯಿಸದ, ಯಾರನ್ನೂ ಹೊರಗಿಡದ ಪದ ಬೇಕು. ಕನ್ನಡದ ಮಟ್ಟಿಗೆ ಇದು ಹೇಗೆ ಕೆಡುತ್ತದೆ, ಹೇಗೆ ಸರಿಹೋಗುತ್ತದೆ ಎಂಬುದನ್ನು ನಮ್ಮ ನಡುವಿನ ಕಾಯಿಲೆಗಳನ್ನೇ ಇಟ್ಟುಕೊಂಡು ನೋಡಬಹುದು.

## ಓದುವವರು ಯಾರು

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36. ಹೆಂಗಸರಲ್ಲಿ ಅದು ಶೇ 68.08, ಯಾದಗಿರಿ ಜಿಲ್ಲೆಯಲ್ಲಿ ಒಟ್ಟಾರೆ ಶೇ 51.83. ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಬಲ್ಲ, ಬರೆಯಬಲ್ಲ ಎಲ್ಲರೂ ಈ ಲೆಕ್ಕದಲ್ಲಿ ಸಾಕ್ಷರರು. ಬಸ್ಸಿನ ಬೋರ್ಡು ಓದಬಲ್ಲವರೆಲ್ಲ ಇಲಾಖೆಯ ಸುತ್ತೋಲೆಯ ಭಾಷೆಯನ್ನೂ ಓದಬಲ್ಲರು ಎನ್ನುವಂತಿಲ್ಲ. ತುಳು, ಕೊಂಕಣಿ, ಉರ್ದು, ಲಂಬಾಣಿ, ಕೊಡವ, ಬ್ಯಾರಿ, ತೆಲುಗು, ಮರಾಠಿ ಮನೆಮಾತಿನ ಲಕ್ಷಾಂತರ ಜನರಿಗೆ ಕನ್ನಡವು ಶಾಲೆಯಲ್ಲಿ ಅಥವಾ ಪೇಟೆಯಲ್ಲಿ ಕಲಿತ ಭಾಷೆ. ಅದೂ ಅಲ್ಲದೆ ಆರೋಗ್ಯದ ಬರಹವನ್ನು ಜನ ನೆಮ್ಮದಿಯ ಹೊತ್ತಿನಲ್ಲಿ ಓದುವುದು ಕಡಿಮೆ. ಮಗುವಿಗೆ ಜ್ವರ ಏರುತ್ತಿರುವಾಗ, ರಿಪೋರ್ಟು ಕೈಗೆ ಬಂದಾಗ ಓದುತ್ತಾರೆ. ಪಿಎಚ್‌ಡಿ ಮಾಡಿದವರಿಗೂ ಆಗ ಸಣ್ಣ ವಾಕ್ಯವೇ ಬೇಕಾಗುತ್ತದೆ.

## ಪುಸ್ತಕದ ಕನ್ನಡ, ಮನೆಯ ಕನ್ನಡ

ಬೇಸಿಗೆ ಮತ್ತು ಮಳೆಗಾಲದ ಶುರುವಿನಲ್ಲಿ ಕಾಣುವ ಕರಪತ್ರದ ಧಾಟಿ ಸುಮಾರಾಗಿ ಹೀಗಿರುತ್ತದೆ: ‘ಅತಿಸಾರದಿಂದ ಬಳಲುತ್ತಿರುವ ಶಿಶುಗಳಲ್ಲಿ ನಿರ್ಜಲೀಕರಣ ಉಂಟಾಗುವ ಸಂಭವವಿರುವುದರಿಂದ ಪುನರ್ಜಲೀಕರಣ ದ್ರಾವಣವನ್ನು ಸೇವಿಸುವಂತೆ ಮಾಡತಕ್ಕದ್ದು.’ ವ್ಯಾಕರಣದಲ್ಲಿ ತಪ್ಪಿಲ್ಲ, ವೈದ್ಯಕೀಯವಾಗಿಯೂ ತಪ್ಪಿಲ್ಲ. ಆದರೆ ಯಾರು, ಏನನ್ನು, ಎಷ್ಟು, ಯಾವಾಗ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಇಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ.

ಇದನ್ನೇ ಮನೆಯ ಮಾತಿನಲ್ಲಿ ಬರೆದರೆ: ‘ಮಗುವಿಗೆ ಭೇದಿಯಾಗುತ್ತಿದೆಯೇ? ಮೈಯಲ್ಲಿನ ನೀರು ಕಡಿಮೆಯಾದರೆ ಜೀವಕ್ಕೆ ಅಪಾಯ. ಕೂಡಲೇ ಓಆರ್‌ಎಸ್ ಕುಡಿಸಲು ಶುರು ಮಾಡಿ. ಎಷ್ಟು ನೀರಿಗೆ ಬೆರೆಸಬೇಕೆಂದು ಪೊಟ್ಟಣದ ಮೇಲೆ ಬರೆದಿದೆ. ಅಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ. ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಬೆರೆಸಿ ಒಂದು ದಿನ ಕಳೆದ ನೀರನ್ನು ಚೆಲ್ಲಿ, ಹೊಸದು ಮಾಡಿ. ಮಗು ಕುಡಿಯದಿದ್ದರೆ, ಮಂಕಾಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಕರೆತನ್ನಿ.’

ಎರಡನೆಯದು ಉದ್ದವಾಯಿತು ಎಂಬ ಆಕ್ಷೇಪ ಬರಬಹುದು. ಉದ್ದವಾದದ್ದು ಮಾಡಬೇಕಾದ ಕೆಲಸಗಳನ್ನು ಹೇಳಿದ್ದರಿಂದ. ನೀರಿನ ಅಳತೆಯ ಸಾಲು ಅಲ್ಲಿರುವುದಕ್ಕೂ ಕಾರಣವಿದೆ. ಒಂದು ಲೀಟರಿಗೆ ಬೆರೆಸುವ ಪೊಟ್ಟಣವೂ ಅಂಗಡಿಯಲ್ಲಿ ಸಿಗುತ್ತದೆ, 200 ಮಿಲಿಲೀಟರಿಗೆ ಬೆರೆಸುವ ಚಿಕ್ಕದೂ ಸಿಗುತ್ತದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪಿನಂಶ ಹೆಚ್ಚಾಗಿ ಮಗುವಿಗೆ ತೊಂದರೆಯಾಗುತ್ತದೆ. ಜೊತೆಗೆ ಕೊಡುವ ಸತುವಿನ ಮಾತ್ರೆ ವಿಷಯದಲ್ಲೂ ಹೀಗೆಯೇ. ‘ನಿಗದಿತ ಅವಧಿಯವರೆಗೆ’ ಎಂದು ಬರೆಯುವ ಬದಲು ‘ಭೇದಿ ನಿಂತರೂ 14 ದಿನ ತಪ್ಪದೆ ಕೊಡಿ’ ಎಂದು ಬರೆದರೆ ಮಾತ್ರೆ ನಡುವೆ ನಿಲ್ಲುವುದಿಲ್ಲ.

ಸರಳವೆಂದರೆ ಸಂಸ್ಕೃತ ಪದಗಳೆಲ್ಲ ಹೋಗಲಿ, ಇಂಗ್ಲಿಷ್ ಪದಗಳೆಲ್ಲ ಹೋಗಲಿ ಎಂಬ ಹಟವಲ್ಲ. ಲಸಿಕೆ, ರಕ್ತ, ಗರ್ಭಿಣಿ ಎಲ್ಲರಿಗೂ ತಿಳಿದ ಪದಗಳು. ಬಿಪಿ, ಶುಗರ್, ಸ್ಕ್ಯಾನಿಂಗ್, ಆಪರೇಷನ್ ಕೂಡ ಹಳ್ಳಿಯ ಕಟ್ಟೆಯ ಮೇಲೆ ಆಡುವ ಮಾತುಗಳೇ. ಆ್ಯಂಟಿಬಯೋಟಿಕ್ ಎಂದರೆ ಅರ್ಧ ಜನರಿಗಾದರೂ ತಿಳಿಯುತ್ತದೆ. ‘ಪ್ರತಿಜೀವಕ’ ಎಂದರೆ ಪಠ್ಯಪುಸ್ತಕ ಬರೆದವರಿಗೆ ತಿಳಿಯುತ್ತದೆ. ಪದ ಯಾವ ಮೂಲದ್ದು ಎಂದು ನೋಡುವುದಕ್ಕಿಂತ ಯಾರ ಬಾಯಲ್ಲಿದೆ ಎಂದು ನೋಡುವುದು ಒಳ್ಳೆಯದು.

ಊರು ಬದಲಾದರೆ ಪದವೂ ಬದಲಾಗುತ್ತದೆ ಎಂಬುದು ಇನ್ನೊಂದು ತೊಡಕು. ಮೈಸೂರಿನ ಮಾತ್ರೆ ಧಾರವಾಡಕ್ಕೆ ಹೋದರೆ ಗುಳಿಗೆ. ಕಾಯಿಲೆಗೆ ಉತ್ತರ ಕರ್ನಾಟಕದಲ್ಲಿ ಜಡ್ಡು ಎನ್ನುತ್ತಾರೆ. ಉಬ್ಬಸ, ಗೂರಲು, ದಮ್ಮು ಎಲ್ಲವೂ ಉಸಿರಾಟದ ಅದೇ ಕಷ್ಟದ ಹೆಸರುಗಳು. ಇಡೀ ರಾಜ್ಯಕ್ಕೆ ಬೆಂಗಳೂರಿನಲ್ಲಿ ಒಂದೇ ಕರಪತ್ರ ಬರೆದು ಅಚ್ಚು ಹಾಕಿಸುವಾಗ ಈ ಪದಗಳು ಉದುರಿಹೋಗುತ್ತವೆ. ಜಿಲ್ಲೆಗೆ ತಕ್ಕಂತೆ ನಾಲ್ಕು ಪದ ಬದಲಿಸಿ ಅಚ್ಚು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಕನ್ನಡದಲ್ಲಿ ಇದಕ್ಕೆ ಹಿರಿಯರ ಮಾದರಿಯೂ ಇದೆ. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ತಾಯಿ-ಮಗು’ವಿನಂಥ ಪುಸ್ತಕಗಳಲ್ಲಿ ಬಸಿರು, ಬಾಣಂತನಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದು ಸಾವಿರಾರು ಮನೆಗಳನ್ನು ತಲುಪಿದರು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಸುಲಭ ಕನ್ನಡದಲ್ಲಿ ಬರೆದ ಪುಸ್ತಕಗಳು ಬಹಳ.

## ಹೆಸರೇ ದಾರಿ ತಪ್ಪಿಸಿದಾಗ: ಮಂಗನ ಕಾಯಿಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗರಲ್ಲೂ ವಿಪರೀತ ಜ್ವರ ಕಾಣಿಸಿಕೊಂಡಿತು. ಅದಕ್ಕೆ ಕಾರಣವಾದ ವೈರಸ್ಸನ್ನು ಗುರುತಿಸಿದ ವಿಜ್ಞಾನಿಗಳು ಕಾಯಿಲೆಗೆ ಆ ಕಾಡಿನ ಹೆಸರನ್ನೇ ಇಟ್ಟರು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ. ಜನ ಕರೆದದ್ದು ಮಂಗನ ಕಾಯಿಲೆ ಎಂದು.

ಈ ಹೆಸರು ಕೇಳಿದವರು ಮಂಗ ಕಚ್ಚಿದರೆ, ಮಂಗ ಮುಟ್ಟಿದ ಹಣ್ಣು ತಿಂದರೆ ಬರುವ ರೋಗವೆಂದು ತಿಳಿಯುವುದು ಸಹಜ. ನಿಜವಾಗಿ ಮನುಷ್ಯರಿಗೆ ಇದನ್ನು ದಾಟಿಸುವುದು ಉಣ್ಣೆ, ಮಲೆನಾಡಿಗರು ಉಣುಗು ಎನ್ನುವ ಚಿಕ್ಕ ಹುಳ. ಮಂಗವೂ ನಮ್ಮಂತೆಯೇ ಈ ಕಾಯಿಲೆಯಿಂದ ಸಾಯುವ ಪ್ರಾಣಿ. ಅದು ಸತ್ತುಬಿದ್ದಾಗ ಮೈಮೇಲಿನ ಉಣುಗುಗಳು ಸುತ್ತಲ ತರಗೆಲೆಗೆ ಇಳಿಯುತ್ತವೆ. ಅಲ್ಲಿಗೆ ಸೌದೆಗೆ, ದರಗಿಗೆ, ದನ ಮೇಯಿಸಲು ಹೋದವರಿಗೆ ಕಚ್ಚುತ್ತವೆ. ಹಾಗಾಗಿ ‘ನಾನು ಮಂಗವನ್ನೇ ನೋಡಿಲ್ಲ, ನನಗೇಕೆ ಬರುತ್ತದೆ’ ಎಂಬ ಧೈರ್ಯಕ್ಕೆ ಆಧಾರವಿಲ್ಲ. ಕಾಯಿಲೆ ಒಬ್ಬ ಮನುಷ್ಯನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಆದ್ದರಿಂದ ಜ್ವರ ಬಂದವರನ್ನು ಊರವರು ದೂರ ಇಡಬೇಕಾಗಿಯೂ ಇಲ್ಲ.

ಹೊಸ ರೋಗಗಳಿಗೆ ಊರು, ಪ್ರಾಣಿ, ವೃತ್ತಿ, ಜನಾಂಗದ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು. 2020ರ ಫೆಬ್ರುವರಿಯಲ್ಲಿ ಕೋವಿಡ್-19 ಎಂಬ ಹೆಸರು ಬಂದದ್ದು ಆ ಸಲಹೆಯಂತೆಯೇ. ಊರಿನ ಹೆಸರು ಎಂಥ ನೋವು ಕೊಡುತ್ತದೆ ಎಂಬುದಕ್ಕೆ ಸಾಗರ ತಾಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಕಂಡುಬಂದ, ಕೀಲುಗಳನ್ನು ಸವೆಸುವ ಕಾಯಿಲೆಗೆ ಊರಿನ ಹೆಸರು ಅಂಟಿ ಇಂದಿಗೂ ಬಿಟ್ಟಿಲ್ಲ.

ಹಾಗೆಂದು ಮಂಗನ ಕಾಯಿಲೆ ಎಂಬ ಹೆಸರನ್ನು ಕರಪತ್ರದಿಂದ ಕಿತ್ತುಹಾಕುವುದು ಸರಿಯಲ್ಲ. ಕೆಎಫ್‌ಡಿ ಎಂದಷ್ಟೇ ಬರೆದರೆ ಮಲೆನಾಡಿನ ಎಷ್ಟೋ ಜನರಿಗೆ ಇದು ತಮಗೆ ಗೊತ್ತಿರುವ ಕಾಯಿಲೆಯೇ ಎಂಬುದು ಹೊಳೆಯುವುದಿಲ್ಲ. ಜನರ ಹೆಸರನ್ನು ಇಟ್ಟುಕೊಂಡು, ಅದು ಹುಟ್ಟಿಸುವ ತಪ್ಪು ತಿಳಿವಳಿಕೆಯನ್ನು ಮರುಸಾಲಿನಲ್ಲೇ ತಿದ್ದಬೇಕು: ‘ಮಂಗನ ಕಾಯಿಲೆ ಹರಡುವುದು ಉಣುಗು ಕಚ್ಚುವುದರಿಂದ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿಕೊಳ್ಳಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಸಿಬ್ಬಂದಿಗೆ ತಿಳಿಸಿ.’ ಇದನ್ನು ಹಂಚಬೇಕಾದದ್ದು ನವೆಂಬರ್‌ಗೆ ಮೊದಲು. ಮಳೆ ನಿಂತ ಮೇಲಿನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲ.

## ರೋಗಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಪದಗಳು

ಕ್ಷಯದ ದಾಖಲೆಗಳಲ್ಲಿ ಬಹುಕಾಲ ‘ಶಂಕಿತ’ ಮತ್ತು ಇಂಗ್ಲಿಷಿನ ‘ಡಿಫಾಲ್ಟರ್’ ಎಂಬ ಪದಗಳಿದ್ದವು. ಒಂದು ಪೊಲೀಸ್ ಠಾಣೆಯದು, ಇನ್ನೊಂದು ಸಾಲ ಕಟ್ಟದವರಿಗೆ ಬ್ಯಾಂಕು ಹೇಳುವುದು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಈ ಎರಡನ್ನೂ ತನ್ನ ಪರಿಭಾಷೆಯಿಂದ ಕೈಬಿಟ್ಟಿತು. ಕನ್ನಡದಲ್ಲಿ ‘ಕ್ಷಯ ಇರಬಹುದಾದವರು’, ‘ಚಿಕಿತ್ಸೆ ನಡುವೆ ನಿಂತುಹೋದವರು’ ಎನ್ನಲು ಏನೂ ಕಷ್ಟವಿಲ್ಲ. ಮಾತ್ರೆ ನಿಲ್ಲಿಸಿದವರು ದುಡಿಯಲು ಗುಳೆ ಹೋಗಿರಬಹುದು, ಮಾತ್ರೆಯಿಂದ ವಾಂತಿಯಾಗುತ್ತಿರಬಹುದು, ಆಸ್ಪತ್ರೆಗೆ ಬರುವ ಬಸ್ಸಿನ ಖರ್ಚೇ ಹೊರೆಯಾಗಿರಬಹುದು. ಅವರನ್ನು ತಪ್ಪಿತಸ್ಥರೆಂದು ಕರೆದರೆ ಬೈಗುಳದ ಭಯಕ್ಕೆ ಮತ್ತೆ ಬರುವುದೇ ಇಲ್ಲ. ‘ಎರಡು ವಾರ ಕಳೆದರೂ ಕೆಮ್ಮು ಹೋಗಿಲ್ಲವೇ? ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ. ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ’ ಎಂದರೆ ಬಾಗಿಲು ತೆರೆದಂತೆ. ನಿಕ್ಷಯ್ ಪೋಷಣ್ ಯೋಜನೆಯ ಈ ಮೊತ್ತ 2024ರ ನವೆಂಬರ್‌ವರೆಗೆ 500 ರೂಪಾಯಿ ಇತ್ತು.

ಕುಷ್ಠದ ಮೇಲಿನ ಕಳಂಕ ಇನ್ನೂ ಹಳೆಯದು. ಕುಷ್ಠವಿದ್ದವರನ್ನು ಪ್ರತ್ಯೇಕಿಸಿಡಲು ಅವಕಾಶ ಕೊಟ್ಟಿದ್ದ 1898ರ ಬ್ರಿಟಿಷ್ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನೇ ಕಾರಣ ಮಾಡಿ ಗಂಡ ಅಥವಾ ಹೆಂಡತಿ ವಿಚ್ಛೇದನ ಪಡೆಯುವ ಅವಕಾಶ 2019ರವರೆಗೂ ಕಾನೂನಿನಲ್ಲಿತ್ತು. ರೋಗಾಣು ಪತ್ತೆಯಾದದ್ದು 1873ರಲ್ಲಿ; ಇಂದು ಆರು ಅಥವಾ ಹನ್ನೆರಡು ತಿಂಗಳ ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ. ಹಾಗಿದ್ದೂ ಗುಣವಾದವರನ್ನು ಜೀವನಪೂರ್ತಿ ‘ಕುಷ್ಠರೋಗಿ’ ಎಂದೇ ಬರೆಯುವುದು ಅನ್ಯಾಯ. ‘ಕುಷ್ಠದಿಂದ ಗುಣವಾದವರು’ ಎನ್ನಿ. ಗೋಡೆಗಳ ಮೇಲೆ ಕಾಣುವ ‘ಸ್ಪರ್ಶಜ್ಞಾನವಿಲ್ಲದ ಮಚ್ಚೆ’ಗಿಂತ ‘ಚಿವುಟಿದರೂ ಗೊತ್ತಾಗದ ಮಚ್ಚೆ ಮೈಮೇಲಿದೆಯೇ?’ ಎಂದು ಬರೆದರೆ ಓದಿದವರು ಅಲ್ಲೇ ಚಿವುಟಿ ನೋಡುತ್ತಾರೆ.

ಎಚ್‌ಐವಿ ಇರುವ ಎಲ್ಲರನ್ನೂ ‘ಏಡ್ಸ್ ರೋಗಿ’ ಎನ್ನುವುದು ನೋಯಿಸುವ ಮಾತು, ಜೊತೆಗೆ ವೈದ್ಯಕೀಯವಾಗಿಯೂ ತಪ್ಪು. ಮಾತ್ರೆ ತಪ್ಪಿಸದೆ ಸೇವಿಸುವವರು ಏಡ್ಸ್ ಹಂತಕ್ಕೆ ಹೋಗದೆ ದೀರ್ಘಕಾಲ ಬಾಳುತ್ತಾರೆ.

## ಬೈಗುಳವಾಗಿ ಬಳಕೆಯಾದ ಹೆಸರುಗಳು

‘ಬಂಜೆ’ ಎಂಬುದು ಹೆಣ್ಣಿಗೆ ಮಾತ್ರ ಅಂಟುವ ಪದ. ಮಕ್ಕಳಾಗದಿರಲು ಗಂಡಸಿನ ವೀರ್ಯದ ತೊಂದರೆಯೂ ಸಾಮಾನ್ಯ ಕಾರಣ. ‘ಬಂಜೆತನ ನಿವಾರಣೆ’ ಎಂಬ ತಲೆಬರಹದ ಕೆಳಗೆ ಗಂಡನನ್ನೂ ಪರೀಕ್ಷೆಗೆ ಕರೆಯುವುದು ಆಗದ ಮಾತು. ‘ಮದುವೆಯಾಗಿ ವರ್ಷ ಕಳೆದರೂ ಮಕ್ಕಳಾಗಿಲ್ಲವೇ? ಇಬ್ಬರೂ ಬನ್ನಿ’ ಎಂದರೆ ಸಾಕು.

ಹುಚ್ಚ, ಮೆಂಟಲ್ ಎಂಬವು ಬೀದಿಯ ಬೈಗುಳಗಳು. 1912ರ ಕಾಯ್ದೆಯ ಹೆಸರಿನಲ್ಲೇ ಹುಚ್ಚು ಎಂಬ ಅರ್ಥದ ಇಂಗ್ಲಿಷ್ ಪದವಿತ್ತು. ಇಂದು ಜಾರಿಯಲ್ಲಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಆತ್ಮಹತ್ಯೆಯ ಸುದ್ದಿಯಲ್ಲಿ ಸತ್ತ ವಿಧಾನವನ್ನು ವಿವರಿಸದೆ, ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಡುವುದು ಬರೆಯುವವರ ಕರ್ತವ್ಯ. ಕುಂಟ, ಕುರುಡ, ಮೂಗ ಎಂಬ ಪದಗಳಿಗೂ ಆರೋಗ್ಯ ಬರಹದಲ್ಲಿ ಜಾಗವಿಲ್ಲ. ಕಣ್ಣು ಕಾಣದವರು, ಮಾತು ಬಾರದವರು, ಗಾಲಿಕುರ್ಚಿ ಬಳಸುವವರು ಎಂದರೆ ಯಾರ ಗೌರವಕ್ಕೂ ಕುಂದಿಲ್ಲ.

## ಯಾರನ್ನು ಕರೆಯುತ್ತೇವೆ, ಯಾರನ್ನು ಬಿಡುತ್ತೇವೆ

ಮಕ್ಕಳ ಲಸಿಕೆಯ ಕರಪತ್ರ ‘ತಾಯಂದಿರೇ’ ಎಂದು ಶುರುವಾದರೆ ಅಪ್ಪನ ಹೊಣೆ ಅಲ್ಲಿಗೇ ಕಳೆಯಿತು. ಮಗುವನ್ನು ಎತ್ತಿಕೊಂಡು ಬರುವವರು ಅಜ್ಜಿಯೂ ಆಗಿರಬಹುದು. ಕನ್ನಡದ ‘ನೀವು’, ‘ಅವರು’ ಹೆಣ್ಣು, ಗಂಡು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರನ್ನೂ ಗೌರವದಿಂದ ಒಳಗೊಳ್ಳುವ ಪದಗಳು. ‘ರೋಗಿಯು ತನ್ನ ಪತ್ನಿಗೆ ತಿಳಿಸಬೇಕು’ ಎಂಬ ವಾಕ್ಯವನ್ನು ‘ನಿಮ್ಮ ಸಂಗಾತಿಗೆ ತಿಳಿಸಿ’ ಎಂದು ತಿದ್ದಲು ಭಾಷೆ ಎಲ್ಲೂ ಅಡ್ಡ ಬರುವುದಿಲ್ಲ.

ಕೋವಿಡ್ ಕಾಲದ ‘ಸಾಮಾಜಿಕ ಅಂತರ’ವನ್ನು ಇಲ್ಲಿ ನೆನೆಯಲೇಬೇಕು. ಅಸ್ಪೃಶ್ಯತೆಯ ಗಾಯ ಮಾಯದ ನಾಡಿನಲ್ಲಿ ಸರ್ಕಾರದ ಫಲಕಗಳೇ ಸಾಮಾಜಿಕ ಅಂತರ ಕಾಯ್ದುಕೊಳ್ಳಿ ಎಂದವು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ದೈಹಿಕ ಅಂತರ ಎಂಬ ಮಾತಿಗೆ ಬದಲಾಗಿತ್ತು. ‘ಒಂದು ಮಾರು ದೂರ ನಿಲ್ಲಿ’ ಎಂದಿದ್ದರೆ ಇನ್ನೂ ಸುಲಭವಾಗುತ್ತಿತ್ತು.

## ಸಂಖ್ಯೆ ಮತ್ತು ರಿಪೋರ್ಟು

ಶೇಕಡಾ ಲೆಕ್ಕಕ್ಕಿಂತ ‘ನೂರು ಜನರಲ್ಲಿ ಐವರಿಗೆ’ ಎಂಬ ಮಾತು ಬೇಗ ತಿಳಿಯುತ್ತದೆ. ‘ಬಿಪಿ ಮೇಲಿನ ಸಂಖ್ಯೆ 140 ಅಥವಾ ಕೆಳಗಿನ ಸಂಖ್ಯೆ 90, ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಿ’ ಎಂದು ಬಿಡಿಸಿ ಬರೆಯಬೇಕು. ‘ಪಾಸಿಟಿವ್’ ಎಂದರೆ ಒಳ್ಳೆಯ ಸುದ್ದಿ ಎಂದುಕೊಳ್ಳುವವರಿದ್ದಾರೆ. ‘ಕಫದಲ್ಲಿ ಟಿಬಿ ರೋಗಾಣು ಕಂಡಿದೆ’ ಎಂದರೆ ಗೊಂದಲವಿಲ್ಲ.

## ಅಚ್ಚಿಗೆ ಕಳಿಸುವ ಮೊದಲು

ಬರೆದವರ ಮೇಜಿನ ಮೇಲೆ ಎಲ್ಲ ಬರಹವೂ ಸರಳವಾಗಿಯೇ ಕಾಣುತ್ತದೆ. ಅದನ್ನು ಪರೀಕ್ಷಿಸುವ ದಾರಿ ಒಂದೇ. ಯಾರಿಗಾಗಿ ಬರೆದಿದೆಯೋ ಅವರಿಗೆ ಓದಿ ಹೇಳಿ, ‘ಈಗ ನೀವು ಏನು ಮಾಡುತ್ತೀರಿ?’ ಎಂದು ಕೇಳುವುದು. ‘ಅರ್ಥವಾಯಿತೇ?’ ಎಂದು ಕೇಳಿದರೆ ಮರ್ಯಾದೆಗೆ ಎಲ್ಲರೂ ಹೂಂ ಎನ್ನುತ್ತಾರೆ. ಅವರದೇ ಮಾತಿನಲ್ಲಿ ತಿರುಗಿ ಹೇಳಿಸಿದಾಗ ಎಡವಿದ ಪದ ಯಾವುದೆಂದು ತಿಳಿಯುತ್ತದೆ, ಎಷ್ಟೋ ಸಲ ಅದರ ಬದಲಿಗೆ ಬೇಕಾದ ಪದವೂ ಅವರ ಬಾಯಿಂದಲೇ ಬರುತ್ತದೆ.

ಇಲಾಖೆಯಲ್ಲಿ, ಪತ್ರಿಕೆಯಲ್ಲಿ, ಸಂಘಸಂಸ್ಥೆಗಳಲ್ಲಿ ಆರೋಗ್ಯದ ಬಗ್ಗೆ ಬರೆಯುವ ಎಲ್ಲರಲ್ಲೂ ಒಂದು ಕೋರಿಕೆ: ಮುಂದಿನ ಕರಪತ್ರದ ಕರಡನ್ನು ಒಬ್ಬ ಆಶಾ ಕಾರ್ಯಕರ್ತೆಗೂ ಆ ಕಾಯಿಲೆಯನ್ನು ಅನುಭವಿಸಿದ ಒಬ್ಬರಿಗೂ ತೋರಿಸಿ, ಅವರು ತಿದ್ದಿದ ಪದಗಳನ್ನು ಹಾಗೆಯೇ ಉಳಿಸಿಕೊಂಡು ಅಚ್ಚಿಗೆ ಕಳಿಸಿ.