ಕಣ್ಣಿನ ಕತ್ತಲೆಗೆ ಹಿಡಿದ ಕನ್ನಡಿ

ಕಣ್ಣಿನ ನಡುವಣ ಕಪ್ಪು ಬೊಟ್ಟನ್ನು ನಮ್ಮ ಹಿರಿಯರು ಪಾಪೆ ಎಂದರು. ಪಾಪೆಯೆಂದರೆ ಗೊಂಬೆ. ಲ್ಯಾಟಿನ್ ಭಾಷೆಯವರೂ ಅದನ್ನು ಪುಟ್ಟ ಗೊಂಬೆಯೆಂದೇ ಕರೆದದ್ದು ನನಗೆ ಬಹಳ ಕಾಲದ ಸೋಜಿಗ. ಎದುರಿನವರ ಕಣ್ಣೊಳಗೆ ನಮಗೆ ಕಾಣುವುದು ನಮ್ಮದೇ ಬಿಂಬ. ಅದರಾಚೆ ಬರಿಯ ಕತ್ತಲೆ.

ಆ ಕತ್ತಲೆ ವೈದ್ಯರನ್ನು ಬಹಳ ಕಾಡಿತು. ಪೊರೆ ಬಂದರೆ ಪಾಪೆ ಬೆಳ್ಳಗಾಗುತ್ತದೆ; ಹಳ್ಳಿಯ ಅಜ್ಜಿಯೂ ಗುರುತಿಸಬಲ್ಲಳು. ಕಣ್ಣು ತಿಳಿಗೊಳದಂತಿದ್ದು ದೃಷ್ಟಿ ಮಾತ್ರ ಹೋಗಿದ್ದರೆ? ಅಕ್ಷಿಪಟಲ ಕಳಚಿರಬಹುದು, ಅದರ ರಕ್ತನಾಳ ಕಟ್ಟಿರಬಹುದು, ದೃಷ್ಟಿನರ ಬಾಡಿರಬಹುದು, ಮಿದುಳಿನಲ್ಲಿ ಗೆಡ್ಡೆ ಬೆಳೆದಿರಬಹುದು. ಯೂರೋಪಿನ ವೈದ್ಯರು ಎಲ್ಲಕ್ಕೂ ಸೇರಿಸಿ ‘ಅಮೌರೋಸಿಸ್’ ಎಂಬ ಗ್ರೀಕ್ ಹೆಸರಿಟ್ಟಿದ್ದರು. ಅರ್ಥ, ಕತ್ತಲಾಗುವುದು ಎಂದಷ್ಟೆ! ರೋಗಿಗೂ ಏನೂ ಕಾಣದ, ವೈದ್ಯನಿಗೂ ಏನೂ ಕಾಣದ ರೋಗವೆಂದು ಅವರಲ್ಲೇ ಒಂದು ನಗೆಮಾತು ಹುಟ್ಟಿತ್ತು. ಮಹಾಕವಿ ಮಿಲ್ಟನ್ ೧೬೫೨ರಲ್ಲಿ ಪೂರ್ಣ ಕುರುಡನಾದುದು ಯಾವ ರೋಗದಿಂದ ಎಂಬ ವಾದ ಇಂದಿಗೂ ಮುಗಿಯದಿರುವುದು ಇದರಿಂದಲೇ.

ಈ ಕದ ತೆರೆದ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ವೈದ್ಯನಲ್ಲ. ಕೋನಿಗ್ಸ್‌ಬರ್ಗಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕ. ೧೮೫೦ರಲ್ಲಿ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಕಣ್ಣು ಕೆಲವೊಮ್ಮೆ ಕೆಂಪಗೆ ಹೊಳೆಯುವುದೇಕೆಂದು ವಿದ್ಯಾರ್ಥಿಗಳಿಗೆ ಹೇಳಲು ಪಾಠ ಸಿದ್ಧಪಡಿಸುತ್ತಿದ್ದ. ಅವನ ಗೆಳೆಯ ಬ್ರೂಕೆ ೧೮೪೭ರಲ್ಲೇ ಆ ಹೊಳಪನ್ನು ಕಂಡಿದ್ದ. ಹೊರಬಂದ ಕಿರಣಗಳು ಯಾವ ಬಿಂಬವನ್ನು ಮೂಡಿಸುತ್ತವೆಂದು ಮಾತ್ರ ಕೇಳಿಕೊಂಡಿರಲಿಲ್ಲ. ಪಾಠ ಹೇಳಿ ಬದುಕುವ ನನಗೆ ಈ ವಿವರ ಬಲು ಪ್ರಿಯ. ತಿಳಿದಿದೆಯೆಂದುಕೊಂಡದ್ದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಹೊರಟಾಗಲೇ ಅಲ್ಲವೆ ಅದರ ತೂತು ಕಾಣುವುದು?

ಕಣ್ಣೊಳಗೆ ಹೊಕ್ಕ ಬೆಳಕು ಬಂದ ದಾರಿಯಲ್ಲೇ ದೀಪದ ಕಡೆಗೆ ಮರಳುತ್ತದೆ. ಅದನ್ನು ಹಿಡಿಯಬೇಕಾದರೆ ನೋಡುವವನ ಕಣ್ಣು ದೀಪವಿದ್ದಲ್ಲೇ ಇರಬೇಕು. ಇದ್ದರೆ ಅವನ ತಲೆಯೇ ಬೆಳಕಿಗೆ ಅಡ್ಡ. ಹೆಲ್ಮ್‌ಹೋಲ್ಟ್ಸ್ ದೀಪವನ್ನು ಪಕ್ಕಕ್ಕಿಟ್ಟು ನಡುವೆ ಗಾಜನ್ನು ಓರೆಯಾಗಿ ಹಿಡಿದ. ಗಾಜು ಬೆಳಕನ್ನು ರೋಗಿಯ ಕಣ್ಣಿಗೆ ತಿರುಗಿಸಿತು. ಮರಳಿದ ಬೆಳಕಿನ ಒಂದು ಪಾಲು ಅದೇ ಗಾಜನ್ನು ದಾಟಿ ಇವನ ಕಣ್ಣಿಗೆ ಬಿತ್ತು. ಚಿತ್ರ ಸ್ಪಷ್ಟವಾಗಲು ಒಂದು ನಿಮ್ನಮಸೂರ. ಕನ್ನಡಕದ ಗಾಜು, ರಟ್ಟು, ಅಂಟು, ಇಷ್ಟೇ ಸಾಮಗ್ರಿ. ಆ ಡಿಸೆಂಬರಿನಲ್ಲಿ ಬರ್ಲಿನ್ನಿನ ಭೌತವಿಜ್ಞಾನ ಸಂಘಕ್ಕೆ ವರದಿ ಹೋಯಿತು. ೧೮೫೧ರಲ್ಲಿ ಪುಸ್ತಿಕೆ ಬಂತು.

ಗಣಕಯಂತ್ರದ ಕನಸುಗಾರ ಚಾರ್ಲ್ಸ್ ಬ್ಯಾಬೇಜ್ ೧೮೪೭ರಲ್ಲೇ ಇಂಥದೊಂದು ಉಪಕರಣವನ್ನು ಲಂಡನ್ನಿನ ಕಣ್ಣಿನ ವೈದ್ಯ ವಾರ್ಟನ್ ಜೋನ್ಸನಿಗೆ ತೋರಿಸಿದ್ದ. ಜೋನ್ಸ್ ಅದಕ್ಕೆ ಬೆಲೆ ಕೊಡಲಿಲ್ಲ. ಆ ಸಂಗತಿಯನ್ನು ಅವನು ಅಚ್ಚು ಹಾಕಿಸಿದ್ದು ೧೮೫೪ರಲ್ಲಿ, ಊರೆಲ್ಲ ಹೆಲ್ಮ್‌ಹೋಲ್ಟ್ಸನ ಹೆಸರು ಹೇಳುತ್ತಿದ್ದಾಗ.

ಕನ್ನಡಿ ಬಂದೊಡನೆ ಎಲ್ಲವೂ ತಿಳಿಯಿತೆಂದಲ್ಲ. ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಗ್ಲಾಕೋಮಾ ರೋಗಿಗಳಲ್ಲಿ ದೃಷ್ಟಿನರದ ತಲೆ ಉಬ್ಬಿದೆಯೆಂದು ಮೊದಲು ಬರೆದ. ಬಳಿಕ ಅದು ಉಬ್ಬಲ್ಲ, ಗುಳಿ ಎಂದು ತಿದ್ದಿದ. ಒಂಟಿಗಣ್ಣಿನ ನೋಟಕ್ಕೆ ಆಳ ಹತ್ತುವುದು ಕಷ್ಟ. ಅಕ್ಷಿಪಟಲದ ಮುಖ್ಯ ಧಮನಿ ಮುಚ್ಚಿ ಥಟ್ಟನೆ ದೃಷ್ಟಿ ಹೋಗುವುದನ್ನು ೧೮೫೯ರಲ್ಲಿ ವರ್ಣಿಸಿದವನೂ, ಮಿದುಳಿನ ಗೆಡ್ಡೆಯಿಂದ ದೃಷ್ಟಿನರದ ತಲೆ ಊದುವುದನ್ನು ೧೮೬೦ರಲ್ಲಿ ತೋರಿಸಿದವನೂ ಅವನೇ. ತಲೆಬುರುಡೆಯನ್ನು ಮುಟ್ಟದೆ ಅದರೊಳಗಿನ ಒತ್ತಡದ ಸುಳಿವು ಹಿಡಿದದ್ದು ಸಾಮಾನ್ಯವೆ? ೧೮೭೦ರಲ್ಲಿ, ೪೨ರ ವಯಸ್ಸಿಗೇ, ಕ್ಷಯ ಅವನನ್ನು ಒಯ್ದಿತು.

ಕಂಡದ್ದೆಲ್ಲ ಗುಣವಾಗಲಿಲ್ಲ ಎಂಬುದೂ ನಿಜ. ಕಳಚಿದ ಅಕ್ಷಿಪಟಲವನ್ನು ನೋಡಿ ವೈದ್ಯರು ಎರಡು ತಲೆಮಾರು ಸುಮ್ಮನೆ ತಲೆಯಾಡಿಸಿದರು. ಅದರಲ್ಲಿರುವ ಹರಕನ್ನು ಹುಡುಕಿ ಮುಚ್ಚಬೇಕೆಂದು ಸ್ವಿಟ್ಜರ್ಲೆಂಡಿನ ಜೂಲ್ ಗೋನಿನ್ ಮಾಡಿ ತೋರಿಸಿ, ಇತರರನ್ನು ಒಪ್ಪಿಸಿದ್ದು ೧೯೨೦ರ ದಶಕದಲ್ಲಿ. ಹರಕನ್ನು ಅವನು ಹುಡುಕುತ್ತಿದ್ದುದು ಈ ಕನ್ನಡಿಯ ಸಂತತಿಯಿಂದಲೇ.